ಕಲ್ಲಿಗಿಲ್ಲದ ಮೈಲಿಗೆ

ಆಯಿಯ ಎರಡೂ ತೋಳುಗಳ ಮೇಲೆ, ಮೊಣಕೈಯಿಂದ ಮಣಿಕಟ್ಟಿನವರೆಗೆ, ಕೆಂಪು ಗೆರೆಗಳು ಬಿದ್ದಿರುತ್ತಿದ್ದವು. ಬುತ್ತಿಯ ಗಂಟುಗಳನ್ನು ಬಲತೋಳಿಗೆ ಎಂಟು, ಎಡತೋಳಿಗೆ ಎಂಟು ಏರಿಸಿಕೊಂಡು ಗೋಕಾಕದ ಬಸ್ ಸ್ಟ್ಯಾಂಡಿನಿಂದ ನಮ್ಮ ಹಾಸ್ಟೇಲಿಗೆ ನಡೆದು ಬರುತ್ತಿದ್ದಳು. ಅರಿವೆಯ ಗಂಟು ಒತ್ತಿ ಒತ್ತಿ ಆದ ಗೆರೆಗಳು ಅವು. ಮಧ್ಯಾಹ್ನದ ಹೊತ್ತಿಗೆ ಮಾಸುತ್ತಿದ್ದವು; ಮರುದಿನ ಬೆಳಿಗ್ಗೆ ಮತ್ತೆ ಅಲ್ಲೇ ಮೂಡುತ್ತಿದ್ದವು.

ಮೊನ್ನೆ ನಾನು ಓದಿದ ಕಾಲೇಜಿನ ಒಂದು ಸಮಾರಂಭಕ್ಕೆ ಹೋಗಿದ್ದೆ. ಊರೂ ಕಾಲೇಜೂ ಹೇಗೆ ಒಂದಾದವು, ಹಳ್ಳಿಯ ಜನಕ್ಕೆ ಈ ಕಾಲೇಜು ಹೇಗೆ ತವರುಮನೆಯಾಯಿತು ಎಂದು ಒಬ್ಬರು ಅರ್ಧ ತಾಸು ಮಾತಾಡಿದರು. ಕಲ್ಲು ಕೊಟ್ಟವರ, ಕಾಳು ಕೊಟ್ಟವರ, ಬಾಗಿಲು ಕೊಟ್ಟವರ ಹೆಸರು ಓದಿದರು. ಆಯಿಯ ಹೆಸರು ಬರಲಿಲ್ಲ. ನನಗೆ ಕೂತಲ್ಲೇ ಮೈ ಉರಿಯಿತು. ಆ ಉರಿ ಇನ್ನೂ ಇಳಿದಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಸ್ವಾತಂತ್ರ್ಯ ಬಂದು ಆಗಿನ್ನೂ ಹದಿನೈದು ವರ್ಷ ತುಂಬಿರಲಿಲ್ಲ. ಕಾಲೇಜು ಹೊಸದು, ಹಾಸ್ಟೇಲು ಅದಕ್ಕಿಂತ ಹೊಸದು. ಕೋಣೆಗಳಿದ್ದವು, ಅಡಿಗೆಮನೆ ಇರಲಿಲ್ಲ. ಹೀಗಾಗಿ ನಾಗನೂರ, ಘೋಡಗೇರಿ, ಮೂಡಲಗಿ, ಹತ್ತರಗಿಗಳಲ್ಲಿ ನಮ್ಮ ತಾಯಂದಿರು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಪಲ್ಯ, ಚಟ್ನಿಪುಡಿಯಂಥ ಹಿಂಡಿ, ಒಂದು ಉಳ್ಳಾಗಡ್ಡಿ ಇಟ್ಟು ಅರಿವೆಯಲ್ಲಿ ಕಟ್ಟಿ ಮೊದಲ ಬಸ್ಸಿನ ಡ್ರೈವರನ ಕೈಗೆ ಕೊಡುತ್ತಿದ್ದರು. ಗೋಕಾಕದಲ್ಲಿ ಅವನ್ನು ಇಳಿಸಿಕೊಳ್ಳುವುದು ನಮ್ಮ ಕೆಲಸ. ನಾವೋ, ಏಳುವುದೇ ತಡ.

ಆಯಿ ಬಸ್ ಸ್ಟ್ಯಾಂಡಿನ ಹಿಂದಿನ ಓಣಿಯವಳು. ಕಿರಾಣಿ ಅಂಗಡಿ ನಡೆಸುತ್ತಿದ್ದ ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಹಣೆಗೆ ಮೂರು ಬೆರಳಿನ ವಿಭೂತಿ, ಕೊರಳಲ್ಲಿ ಲಿಂಗ, ಬಾಯಲ್ಲಿ ಯಾವಾಗಲೂ ಒಂದು ಬೈಗುಳ. ಒಂದು ದಿನ ಘೋಡಗೇರಿಯ ಬುತ್ತಿಯೊಂದು ಇಳಿಸಿಕೊಳ್ಳುವವನು ಬಾರದೆ ಬಿಸಿಲಲ್ಲಿ ಬಿದ್ದು ಇರುವೆ ಮುತ್ತಿದ್ದನ್ನು ಕಂಡಳಂತೆ. ಅದನ್ನೆತ್ತಿಕೊಂಡು ಸೀದಾ ಹಾಸ್ಟೇಲಿಗೆ ಬಂದು, ಆ ಹುಡುಗನ ಹೊದಿಕೆ ಎಳೆದು, "ನಿಮ್ಮವ್ವ ಒಲಿ ಮುಂದ ಕುಂತಾಗ ನೀ ಹಾಸಿಗ್ಯಾಗ ಹೊಳ್ಳಾಡಾಕತ್ತಿದ್ದಿ. ಇಷ್ಟ ಹೊತ್ತಾದ್ರೂ ಹೊಳ್ಳಾಡಾಕತ್ತಿ. ಓದಿ ಏನ್ ಆಗ್ತೀಯೋ, ಹಾಸಗಿ ಆಗ್ತಿ!" ಎಂದಳು. ಮರುದಿನದಿಂದ ಎಲ್ಲ ಬುತ್ತಿಗಳನ್ನೂ ತಾನೇ ತರತೊಡಗಿದಳು. ಯಾರೂ ಹೇಳಿರಲಿಲ್ಲ, ಯಾರೂ ಏನೂ ಕೊಡುತ್ತಿರಲಿಲ್ಲ.

ಅವಳು ಗಂಟು ಬಿಚ್ಚುತ್ತಿರಲಿಲ್ಲ. ಅರಿವೆಯ ಬಣ್ಣ ನೋಡಿ ಯಾರದೆಂದು ತಿಳಿಯುತ್ತಿದ್ದಳು, ಎತ್ತಿದರೆ ಒಳಗಿನದು ತಿಳಿಯುತ್ತಿತ್ತು. ಒಮ್ಮೆ ನನಗೆ, "ನಾಗನೂರಾವ, ನಿಮ್ಮವ್ವಗ ಆರಾಮಿಲ್ಲೇನೋ? ಗಂಟ ಭಾರ ಬರಾಕತ್ತೇತಿ. ರೊಟ್ಟಿ ದಪ್ಪ ಬಡ್ಯಾಕತ್ತಾಳ" ಎಂದಳು. ಆ ವಾರ ಊರಿಗೆ ಹೋದರೆ ಅವ್ವನ ಮಣಿಕಟ್ಟು ಉಳುಕಿ ಬಾತಿತ್ತು. ನನಗೆ ಗೊತ್ತಿರಲಿಲ್ಲ; ನಮ್ಮ ಊರನ್ನೇ ನೋಡದ ಆಯಿಗೆ ಗೊತ್ತಿತ್ತು. ಹಾಗೆಯೇ ಇಲ್ಲಿ ಯಾರಿಗಾದರೂ ಜ್ವರ ಬಂದರೆ, ಪರೀಕ್ಷೆ ಹತ್ತಿರ ಬಂದರೆ, ತಿರುಗಿ ಹೋಗುವ ಅರಿವೆಯೊಡನೆ ಡ್ರೈವರನ ಬಾಯಲ್ಲಿ ಸುದ್ದಿ ಕಳಿಸುತ್ತಿದ್ದಳು. ನಮ್ಮ ಹಳ್ಳಿಗಳಿಗೂ ಆ ಕಾಲೇಜಿಗೂ ನಡುವೆ ದಿನಾ ಓಡಾಡಿದ್ದು ಅವಳ ಕಾಲು. ಭಾಷಣಗಳು ವರ್ಷಕ್ಕೊಮ್ಮೆ ಬಂದವು.

ಭಾಷಣ ಎಂದೆನಲ್ಲ, ಕಟ್ಟಡ ಕಟ್ಟುವಾಗ ಕಾಲೇಜು ಕಮಿಟಿಯ ಅಧ್ಯಕ್ಷರು ಊರೂರು ತಿರುಗಿ ಮಾತಾಡಿದ್ದರು. "ಈ ಕಾಲೇಜ ನಮ್ದಲ್ರಿ, ನಿಮ್ದು" ಎಂದು ನಮ್ಮೂರ ಚಾವಡಿಯ ಮುಂದೆ ಅವರು ಹೇಳಿದಾಗ ನಾನೂ ಚಪ್ಪಾಳೆ ತಟ್ಟಿದ್ದೆ. ನಾಗನೂರಿನವರು ಗಾಡಿ ಕಳಿಸಿದರು, ಮೂಡಲಗಿಯವರು ಜಂತಿ ಕೊಟ್ಟರು. ಹತ್ತರಗಿಯ ದಲಿತರ ಕೇರಿಯಲ್ಲಿ ಕೊಡಲು ಏನೂ ಇರಲಿಲ್ಲ. ಆ ಕೇರಿಯ ಕೆಲವರು ಆಗ ಹೊಸದಾಗಿ ಬೌದ್ಧರಾಗಿದ್ದರು, ಮನೆಗಳಿಗೆ ಬುದ್ಧನ ಪಟ ಬಂದಿತ್ತು. ನಮ್ಮ ಮಕ್ಕಳೂ ಓದಲಿ ಎಂದು ಗಂಡಸರು ಹೆಂಗಸರು ಸೇರಿ ಗೋಕಾಕಕ್ಕೆ ಬಂದು, ಒಂದು ವಾರ ಬಯಲಲ್ಲಿ ಬಿಡಾರ ಹೂಡಿ, ಕಲ್ಲು ಒಡೆದು ಕೊಟ್ಟರು. ಹಾಸ್ಟೇಲಿನ ಅಡಿಪಾಯ, ಅಂಗಳದ ಬೇವಿನ ಗಿಡದ ಸುತ್ತಲಿನ ಕಟ್ಟೆ, ಎಲ್ಲ ಆ ಕೈಗಳು ಒಡೆದ ಕಲ್ಲು.

ಆ ಕೇರಿಯಿಂದ ಕಾಲೇಜಿಗೆ ಬಂದ ಮೊದಲನೆಯವನು ನನ್ನ ತರಗತಿಯಲ್ಲೇ ಇದ್ದ. ಗೇಟಿನ ಬಾಜೂಕ್ಕೆ, ಸಾಮಾನು ಇಡುವ ಕೋಣೆಯ ಪಕ್ಕ, ಒಂದು ಸಣ್ಣ ಖೋಲಿ ಅವನಿಗೆ ಕೊಟ್ಟಿದ್ದರು. ಗೆಳೆಯ ಎನ್ನಲೇ? ಪುಸ್ತಕ ಕೇಳಿ ತರುತ್ತಿದ್ದೆ, ಗಣಿತ ಹೇಳಿಸಿಕೊಳ್ಳುತ್ತಿದ್ದೆ. ಊಟಕ್ಕೆ ಮಾತ್ರ ಕರೆದಿರಲಿಲ್ಲ.

ಅವನ ಬುತ್ತಿ ಶುರುವಿನಲ್ಲಿ ಬಸ್ಸಿನ ಛಾವಣಿಯ ಮೇಲೆ ಬರುತ್ತಿತ್ತು; ಉಳಿದವರವು ಒಳಗೆ, ಡ್ರೈವರನ ಪಕ್ಕ. ಎರಡು ದಿನ ಆಯಿ ನೋಡಿದಳು. ಮೂರನೆಯ ದಿನ ಸೊಂಟಕ್ಕೆ ಸೆರಗು ಸಿಕ್ಕಿಸಿ ಬಸ್ಸಿನ ಮುಂದೆಯೇ ನಿಂತಳು.

"ಇದೊಂದನ್ನ ಯಾಕೋ ಮ್ಯಾಲ ಒಗದಿ?"

"ಆಯೀ, ಹತ್ತರಗಿ ಮಂದಿ ಹೇಳ್ಯಾರ. ನಾ ಏನ್ ಮಾಡ್ಲಿ?"

"ಮೋಟಾರ ನೀ ಹೊಡಿತಿಯೋ, ಹತ್ತರಗಿ ಮಂದಿ ಹೊಡಿತಾರೋ? ನಾಳಿ ಇದು ಮ್ಯಾಲ ಬಂದ್ರ ಉಳಿದಾವನ್ನೂ ನಾನ ಮ್ಯಾಲ ಏರಿಸ್ತೇನಿ, ನಿನ್ನೂ ಅವುಗಳ ಜೋಡಿ ಕುಂಡ್ರಸ್ತೇನಿ."

ಸ್ಟ್ಯಾಂಡಿನಲ್ಲಿದ್ದವರೆಲ್ಲ ನಕ್ಕರು. ಡ್ರೈವರನೂ ನಕ್ಕ. ಮರುದಿನ ಗಂಟು ಒಳಗೆ ಬಂತು. ಅಷ್ಟಕ್ಕೇ ಮುಗಿಯಿತು ಎಂದು ನಾವು ತಿಳಿದೆವು.

ಪರೀಕ್ಷೆಗೆ ಒಂದೂವರೆ ತಿಂಗಳಿದ್ದಾಗ ಅಕಾಲದ ಮಳೆ ಹೊಡೆಯಿತು. ಬಸ್ಸು ತಡ, ಬುತ್ತಿಗಳೆಲ್ಲ ಒದ್ದೆ. ನಮ್ಮ ಮನೆಯ ನೀಲಿ ಅರಿವೆ ಹರಿದಿತ್ತೆಂದು ಅವ್ವ ಅಂದು ಬಿಳಿಯದರಲ್ಲಿ ಕಟ್ಟಿದ್ದಳು. ಹತ್ತರಗಿಯವನದೂ ಬಿಳಿಯದೇ. ತೊಯ್ದು ತೊಪ್ಪೆಯಾಗಿ ಬಂದ ಆಯಿ ಅವನದನ್ನು ನನಗೆ, ನನ್ನದನ್ನು ಅವನಿಗೆ ಕೊಟ್ಟು ಹೋದಳು.

ಎರಡನೆಯ ತುತ್ತಿಗೆ ನನಗೆ ಗೊತ್ತಾಯಿತು. ಗುರೆಳ್ಳು ಹಿಂಡಿಗೆ ನಮ್ಮವ್ವ ಅಷ್ಟು ಬೆಳ್ಳುಳ್ಳಿ ಹಾಕುವುದಿಲ್ಲ. ಗೊತ್ತಾಗಿಯೂ ಉಂಡೆ, ಹಸಿದಿದ್ದೆ, ಹಿಂಡಿ ರುಚಿಯಾಗಿತ್ತು. ನನ್ನದೇ ಖೋಲಿಯಲ್ಲಿದ್ದ ಮೂಡಲಗಿಯವನು ಅರಿವೆಯ ಮೂಲೆಯಲ್ಲಿ ಹತ್ತರಗಿಯವನ ಗುರುತಿಗೆ ಹೊಲಿದಿದ್ದ ಸಣ್ಣ ಕಪ್ಪು ದಾರ ನೋಡಿ, "ಇದು ನಿಮ್ದಲ್ಲಲೇ" ಎಂದ. ನಾನು "ಇರ್ಲಿ ಬಿಡು" ಎಂದೆ. ಅವನು ಬಿಡಲಿಲ್ಲ. ಸಂಜೆಯೊಳಗೆ ಹಾಸ್ಟೇಲಿಗೆಲ್ಲ ಸುದ್ದಿ, ಮೂರನೆಯ ದಿನ ನಾಗನೂರಿನಿಂದ ಅಪ್ಪ ಬಂದು ಇಳಿದ.

ಕಮಿಟಿಯವರು ಬೇವಿನ ಗಿಡದ ಕಟ್ಟೆಯ ಮೇಲೆ ಕೂತರು. ದಿನಾ ಸಂಜೆ ಮನುಷ್ಯರೆಲ್ಲ ಒಂದೇ ಎಂದು ನಾವು ವಚನ ಹಾಡುತ್ತಿದ್ದ ಜಾಗ ಅದೇ. ಆಯಿಯನ್ನು ಕರೆಸಿದರು. ಹತ್ತರಗಿಯವನು ತನ್ನ ಖೋಲಿಯ ಬಾಗಿಲಲ್ಲಿ ನಿಂತಿದ್ದ, ನಾನು ಅಪ್ಪನ ಹಿಂದೆ.

ಅಧ್ಯಕ್ಷರು ಕೇಳಿದರು: "ಏನವಾ, ಬುತ್ತಿ ಅದಲಬದಲ ಮಾಡಿದಿಯಂತ?"

"ಆತ್ರಿ. ಮಳಿ ಇತ್ತು, ಎರಡೂ ಬಿಳೀ ಅರವಿ."

"ಇದು ಸಣ್ಣ ತಪ್ಪಲ್ಲ. ನಾಗನೂರ ಹಿರ್ಯಾರ ಬಂದಾರ ನೋಡು. ಅವರಿಗೆ ಯಾವ ಮಾರಿ ತೋರಸೂಣು ನಾವು?"

"ಈಗ ತೋರಸಾಕತ್ತೀರಲ್ರಿ, ಅದನ್ನ ತೋರಸ್ರಿ."

ಯಾರೋ ಕಿಸಕ್ಕೆಂದು ನಕ್ಕು ಬಾಯಿ ಮುಚ್ಚಿಕೊಂಡರು. ಅಧ್ಯಕ್ಷರ ದನಿ ಏರಿತು. "ನಾಳಿಯಿಂದ ನೀ ಬುತ್ತಿ ತರೂದ ಬ್ಯಾಡ, ನಾವ ಒಬ್ಬ ಆಳ ಇಡ್ತೇವಿ. ಈ ಹುಡುಗಗ ಬ್ಯಾರೆ ಕಡೆ ವ್ಯವಸ್ಥಾ ಮಾಡ್ಕೊ ಅಂತ ಹೇಳೇವಿ. ಕಾಲೇಜಿಗೆ ಬರಬ್ಯಾಡ ಅಂದಿಲ್ಲ."

"ಎಲ್ಲಿ ಮಾಡ್ಕೋಬೇಕ್ರಿ ವ್ಯವಸ್ಥಾ? ಈ ಊರಾಗ ಅವಗ ಖೋಲಿ ಕೊಡಾವ್ರು ಯಾರದಾರ? ನೀವು ಕೊಡ್ತೀರೇನು? ಪರೀಕ್ಷಾ ಬಂತ್ರಿ ಅವಂದು!"

ಹತ್ತರಗಿಯವನು ಮೆಲ್ಲಗೆ, "ಆಯೀ, ಬಿಡ್ರಿ. ನಾ ಊರಿಗೆ ಹೋಗ್ತೇನಿ" ಎಂದ.

"ಹೋಗಿ ಏನ್ ಮಾಡ್ತೀಯೋ? ಕಲ್ಲ ಒಡೀತಿ? ಇವರು ಇನ್ನೊಂದ ಕಾಲೇಜ ಕಟ್ತಾರ, ಅದಕ್ಕ?" ಎಂದು ಅವನನ್ನೂ ಗದರಿ, ಕಟ್ಟೆಯ ಕಡೆ ತಿರುಗಿದಳು. "ನೀವು ಕುಂತ ಕಲ್ಲು ಇವನವ್ವ ಒಡದದ್ರಿ. ಅದರ ಮ್ಯಾಲ ಧೋತರ ಹರವಿ ಕುಂತೀರಿ. ಕಲ್ಲಿಗಿಲ್ಲದ ಮೈಲಿಗಿ ರೊಟ್ಟಿಗೆ ಎಲ್ಲಿಂದ ಬಂತ್ರಿ? ಏಳ್ರಿ ಹಂಗಾರ. ಕೆಳಗ ಇಳೀರಿ!"

ಯಾರೂ ಏಳಲಿಲ್ಲ. ಒಬ್ಬರು ಮಾತ್ರ ಕೂತಲ್ಲೇ ಧೋತರ ಸ್ವಲ್ಪ ಎಳೆದುಕೊಂಡರು. ಆಗ ಆಯಿ ನನ್ನನ್ನು ನೋಡಿದಳು.

"ಉಂಡಾವ ಇಲ್ಲೇ ನಿಂತಾನ, ಅವನ್ನ ಕೇಳ್ರಿ. ಏನೋ ನಾಗನೂರಾವ, ಹೇಳು. ನಿನಗ ಏನಾರ ಆತೇನು?"

ಎಲ್ಲರೂ ನನ್ನ ಕಡೆ ತಿರುಗಿದರು. ಅಪ್ಪನೂ ತಿರುಗಿದ. ನಂಗೇನೂ ಆಗಿಲ್ರಿ, ರೊಟ್ಟಿ ಚಲೋ ಇತ್ರಿ. ಇಷ್ಟು ಹೇಳಿದ್ದರೆ ಸಾಕಿತ್ತು. ಕಮಿಟಿಯವರು ಹೆದರಿದ್ದು ನಮ್ಮಪ್ಪನಂಥವರಿಗೆ. ಅವನ ಮಗನೇ ತಕರಾರಿಲ್ಲ ಎಂದರೆ ಆ ಪಂಚಾಯ್ತಿಗೆ ಬುಡವೇ ಇರುತ್ತಿರಲಿಲ್ಲ. ನಾನು ನನ್ನ ಕಾಲ ಹೆಬ್ಬೆರಳು ನೋಡುತ್ತ ನಿಂತೆ. ಆಯಿ ಕಾದಳು. ಎಷ್ಟು ಹೊತ್ತು ಕಾದಳೋ, ನನಗಂತೂ ಇನ್ನೂ ಕಾಯುತ್ತಿದ್ದಾಳೆ ಎನಿಸುತ್ತದೆ. ಆಮೇಲೆ ಅವಳು ಮುಖ ತಿರುಗಿಸಿ ಆ ಖೋಲಿಗೆ ಹೋಗಿ, ಅವನ ಟ್ರಂಕನ್ನು ತಾನೇ ಎತ್ತಿ ತಲೆಯ ಮೇಲಿಟ್ಟುಕೊಂಡು, "ನಡಿ, ನಮ್ಮ ಮನಿ ಪಡಸಾಲಿ ಖಾಲಿ ಐತಿ" ಎಂದಳು.

ಅವನು ಆಯಿಯ ಪಡಸಾಲೆಯಲ್ಲಿದ್ದು ಓದಿದ. ಅವಳ ಮೈದುನ ಮನೆಗೆ ಬರುವುದನ್ನು ಬಿಟ್ಟ. ಓಣಿಯ ಹೆಂಗಸರು ನೀರಿಗೆ ಹೋದಾಗ ಅವಳ ಕೊಡ ತಾಗದಂತೆ ಸರಿದು ನಿಂತರು. ಅವಳು ಬೇಕೆಂದೇ ಇನ್ನೂ ಹತ್ತಿರ ಹೋಗಿ ನಿಲ್ಲುತ್ತಿದ್ದಳಂತೆ. ಹಾಸ್ಟೇಲಿನವರು ಇಟ್ಟ ಆಳು ಹತ್ತೇ ದಿನಕ್ಕೆ ಓಡಿಹೋದ, ಏಕೆಂದರೆ ಡ್ರೈವರರು ಅವನ ಕೈಗೆ ಬುತ್ತಿ ಕೊಡಲಿಲ್ಲ. "ಆಯಿ ಕೈಯಾಗ ಕೊಡು ಅಂತ ಅವ್ವಗೋಳ ಹೇಳ್ಯಾರ" ಎನ್ನುತ್ತಿದ್ದರು. ಹೀಗಾಗಿ ನಾವೇ ಅವಳ ಪಡಸಾಲೆಗೆ ಹೋಗಿ ಬುತ್ತಿ ತರತೊಡಗಿದೆವು. ಅಲ್ಲಿ ಒಂದು ಮೂಲೆಯಲ್ಲಿ ಹತ್ತರಗಿಯವನು ಪುಸ್ತಕ ಹಿಡಿದು ಕೂತಿರುತ್ತಿದ್ದ. ಕೆಲವರು ಅಲ್ಲೇ ಅವನ ಜೊತೆ ಗಂಟು ಬಿಚ್ಚಿ ಉಂಡರು. ನಾನು ನನ್ನದನ್ನು ತೆಗೆದುಕೊಂಡು ಬಂದುಬಿಡುತ್ತಿದ್ದೆ.

ಆಯಿ ಎಲ್ಲರಿಗೂ ಬೈಯುತ್ತಿದ್ದಳು. ತಡವಾಗಿ ಬಂದವನಿಗೆ, ರೊಟ್ಟಿಯ ಅಂಚು ಮುರಿದು ಒಗೆದವನಿಗೆ, ಎಣ್ಣೆ ಹಚ್ಚದ ತಲೆಗೆ. ನನಗೆ ಮಾತ್ರ ಬೈಯುವುದನ್ನು ಬಿಟ್ಟುಬಿಟ್ಟಳು. ಗಂಟು ಕೈಗೆ ಕೊಟ್ಟು ಮುಂದಿನವನ ಗಂಟು ಹುಡುಕುತ್ತಿದ್ದಳು. ಪರೀಕ್ಷೆ ಮುಗಿದ ದಿನ ತಡೆಯಲಾರದೆ, "ಆಯೀ, ಅವತ್ತ ನಾ..." ಎಂದು ಶುರು ಮಾಡಿದೆ. ಅವಳು ಕಾಳು ಹಸನು ಮಾಡುತ್ತ ಕೂತಿದ್ದಳು. ತಲೆ ಎತ್ತಲಿಲ್ಲ.

"ನನ್ನ ಮುಂದ ಏನ್ ಹೇಳ್ತಿ? ಅವನ ಮುಂದ ಹೇಳು."

ಅವನು ಪಾಸಾದ, ನಾನೂ ಪಾಸಾದೆ. ಅವನಿಗೆ ಬೆಳಗಾವಿಯಲ್ಲಿ ಸರಕಾರಿ ಕೆಲಸ ಸಿಕ್ಕಿತು, ನನಗೆ ಹುಕ್ಕೇರಿಯ ಸಾಲಿಯಲ್ಲಿ ಮಾಸ್ತರಿಕೆ. ನಾನು ಹೇಳಲಿಲ್ಲ. ಇಂದು, ನಾಳೆ, ಸಿಕ್ಕಾಗ ಎನ್ನುತ್ತ ವರ್ಷಗಳನ್ನು ನುಂಗಿದೆ.

ಅರವತ್ತರ ದಶಕ ಮುಗಿಯುವ ಮೊದಲೇ ಆಯಿ ಹೋದಳು. ಎರಡು ದಿನದ ಜ್ವರ, ಅಷ್ಟೇ. ಡ್ರೈವರರೇ ಊರೂರಿಗೆ ಸುದ್ದಿ ಮುಟ್ಟಿಸಿದರು. ಮಣ್ಣಿಗೆ ಬಂದ ಜನ ನೋಡಿ ಓಣಿಯವರು ದಂಗಾದರು; ನಾಲ್ಕೂ ಕಡೆಯ ಹಳ್ಳಿಗಳಿಂದ ತಾಯಂದಿರು ಬಂದಿದ್ದರು, ಅವರಲ್ಲಿ ಬಹಳ ಜನ ಅವಳ ಮುಖ ನೋಡಿದ್ದು ಅದೇ ಮೊದಲು. ಕಮಿಟಿಯವರು ಒಂದು ಹಾರ ಕಳಿಸಿದ್ದರು.

ಹೊಲದಲ್ಲಿ ತೋಡಿದ ಕುಣಿಯಲ್ಲಿ ಅವಳನ್ನು ಕೂರಿಸಿ, ವಿಭೂತಿ ಹಚ್ಚಿ, ಪತ್ರಿ ಹಾಕಿದರು. ಒಬ್ಬೊಬ್ಬರೇ ಹೋಗಿ ಹಿಡಿ ಮಣ್ಣು ಹಾಕುತ್ತಿದ್ದರು. ಹತ್ತರಗಿಯವನು ದೂರ ಬದುವಿನ ಮೇಲೆ, ಚಪ್ಪಲಿ ಕಳಚಿಟ್ಟು, ಕೈ ಕಟ್ಟಿಕೊಂಡು ನಿಂತಿದ್ದ. ನಾನು ಅವನ ಹತ್ತಿರ ಹೋಗಿ, "ಬಾ" ಎಂದು ಕೈ ಹಿಡಿದೆ. ಕುಣಿಯ ಅಂಚಿನಲ್ಲಿ ಆಯಿಯ ಮೈದುನ ಕೈ ಅಡ್ಡ ಮಾಡಿದ.

"ಅವನ್ನ ಅಲ್ಲೇ ನಿಲ್ಲಸೋ ಮಾಸ್ತರಾ."

"ನಿಲ್ಲಸೂದಿಲ್ಲ ಕಾಕಾ" ಎಂದೆ.

ಮೈದುನ ನನ್ನ ಮುಖ ನೋಡಿದ. ಹಿಂದೆ ನಿಂತಿದ್ದ ಹೆಂಗಸರನ್ನು ನೋಡಿದ. ಹೆಗಲ ಮೇಲಿನ ಅರಿವೆ ಸರಿಮಾಡಿಕೊಂಡು ಎರಡು ಹೆಜ್ಜೆ ಬದಿಗೆ ಸರಿದ. ಅಷ್ಟೇ. ಯಾರೂ ಕೂಗಾಡಲಿಲ್ಲ, ಯಾರೂ ಎದ್ದು ಹೋಗಲಿಲ್ಲ. ಇಷ್ಟು ಹಗುರವಾಗಿತ್ತೇ ಅದು, ಎಂದು ನನ್ನ ಮೇಲೆ ನನಗೇ ಸಿಟ್ಟು ಬಂತು. ಅವನು ಮಂಡಿಯೂರಿ ಎರಡೂ ಕೈಯಿಂದ ಮಣ್ಣು ಹಾಕಿದ.

ಆಮೇಲೆ ಇಬ್ಬರೂ ಕಾಲುವೆಯಲ್ಲಿ ಕೈ ತೊಳೆದೆವು. ನಾನು, "ಅವತ್ತ ಕಟ್ಟಿ ಮುಂದ ನಾ ಮಾತಾಡಬೇಕಾಗಿತ್ತು" ಎಂದೆ.

ಅವನು ಕರವಸ್ತ್ರದಿಂದ ಒಂದೊಂದೇ ಬೆರಳು ಒರೆಸಿಕೊಂಡ.

"ಹೌದು" ಎಂದ. "ಮಾತಾಡಬೇಕಾಗಿತ್ತು."

ಸಮಾಧಾನದ ಮಾತು ಇನ್ನೇನಾದರೂ ಬರಬಹುದೆಂದು ನಾನು ಕಾದೆ. ಅವನು ಚಪ್ಪಲಿ ಮೆಟ್ಟಿಕೊಂಡು, ಬದುವಿನ ಗುಂಟ ಬಸ್ಸಿನ ದಾರಿಯತ್ತ ನಡೆದುಹೋದ.