ಗಿಟಾರಿಗೆ ತಂತಿ ತಂದ ದಿನ

ಆಗೆಲ್ಲ ಜೇವರ್ಗಿಯ ನಮ್ಮ ಓಣಿಯವರಿಗೆ ಗಿಟಾರ್ ಎಂದರೆ ಟಿವಿಯಲ್ಲಿ ಕಾಣುವ ವಸ್ತು. ಅಂಥದ್ದರಲ್ಲಿ ನಾನು ಎಂಟನೇ ಕ್ಲಾಸಿನಲ್ಲಿದ್ದ ವರ್ಷ, ತೊಗರಿ ರಾಶಿಯ ಧೂಳು ಊರೆಲ್ಲ ಹಾರುತ್ತಿದ್ದ ದಿನಗಳಲ್ಲಿ, ಪಕ್ಕದ ಮನೆಯ ಗೆಳತಿ ಶಬಾನಾಳ ಮಾಮ ಪುಣೆಯಿಂದ ಹಳೆಯ ಗಿಟಾರೊಂದನ್ನು ತಂದುಕೊಟ್ಟ. ನಮ್ಮ ಕುಂಟಬಿಲ್ಲೆ ಅವತ್ತಿಗೇ ಬಂದ್! ಶಾಲೆ ಬಿಟ್ಟದ್ದೇ ತಡ, ಅವರ ಮನೆಯ ಮಾಳಿಗೆ ಹತ್ತುತ್ತಿದ್ದೆವು. ಅವಳು ಅಮ್ಮಿಯ ಫೋನಿನಲ್ಲಿ ವಿಡಿಯೊ ನೋಡಿ ಬಾರಿಸಲು ಕಲಿತಳು. ನಾನು ಹಾಡುತ್ತಿದ್ದೆ.

ಆದರೆ ತಂತಿಗಳು ದಪ್ಪಗಿದ್ದವು, ಜಂಗು ಬೇರೆ ಹಿಡಿದಿದ್ದವು. ಒತ್ತಿ ಒತ್ತಿ ಅವಳ ಬೆರಳ ತುದಿ ಕೆಂಪಾಗಿ, ಮೂಸಿದರೆ ಕಬ್ಬಿಣದ ವಾಸನೆ. ಆದರೂ ಶಾಲೆಯ ಗ್ಯಾದರಿಂಗಿಗೆ, ಅಂದರೆ ವಾರ್ಷಿಕೋತ್ಸವಕ್ಕೆ, ಹೆಸರು ಕೊಟ್ಟೆವು. ಇನ್ನು ವಾರವಿದೆ ಎನ್ನುವಾಗ, ಶ್ರುತಿ ಮಾಡುತ್ತಿದ್ದಂತೆ ಟಣ್ ಎಂದು ಒಂದು ತಂತಿ ಹರಿದುಹೋಯಿತು.

“ಮುಗೀತು ಬೇ. ಹೆಸರು ತೆಗಸಿಬಿಡೋಣ,” ಎಂದು ಶಬಾನಾ ಅಳಲು ಶುರುಮಾಡಿದಳು.

ಮಾಮನಿಗೆ ಫೋನ್ ಹಚ್ಚಿದೆವು. “ಪೂರಾ ಸೆಟ್ ಹೊಸಾದು ತಗೋರಿ. ಗೇಜ್ ನೋಡಿ ತಗೋರಿ ಮತ್ತ,” ಎಂದು ಹೇಳಿ ಇಟ್ಟುಬಿಟ್ಟ. ಯಾವ ಗೇಜ್? ಮತ್ತೆ ವಿಡಿಯೊಗಳನ್ನು ಹುಡುಕಿದೆವು. ತಂತಿಯ ದಪ್ಪಕ್ಕೇ ಗೇಜ್ ಅನ್ನುತ್ತಾರಂತೆ. ಹತ್ತರ ಗೇಜ್ ಸಣ್ಣದು, ಬೆರಳಿಗೆ ಹಗುರ. ಹನ್ನೆರಡರದು ದಪ್ಪ, ಅದರ ದನಿಯೂ ದೊಡ್ಡದು.

ಭಾನುವಾರ ಅವಳ ಅಮ್ಮಿಯ ಜೊತೆ ಕಲಬುರಗಿ ಬಸ್ ಹತ್ತಿದೆವು. ಅವರನ್ನು ನಾನು ಖಾಲಾ ಅನ್ನುತ್ತಿದ್ದೆ. ದಾರಿಯುದ್ದಕ್ಕೂ ನಮ್ಮ ಜಗಳ.

“ಹನ್ನೆರಡೇ ಬೇಕು. ಹಿಂದ ಕುಂತವ್ರಿಗೂ ಕೇಳಬೇಕಲ್ಲ?” ಎಂದೆ.

“ನಿಂದೇನು, ಬಾಯಿ ತೆಗದು ಹಾಡೋದು. ಬೆರಳು ನಂದು ಬೇ!” ಎಂದಳು ಶಬಾನಾ.

ಖಾಲಾ ಇಬ್ಬರ ಕೈಗೂ ಒಂದೊಂದು ಮಿರ್ಚಿ ಭಜಿ ಇಟ್ಟು, “ಮಂದಿ ನೋಡಾಕತ್ತಾರ. ಸುಮ್ನ ತಿನ್ರಿ,” ಎಂದು ಗದರಿಸಿದರು.

ಕಲಬುರಗಿಯ ವಾದ್ಯದ ಅಂಗಡಿಯ ಗೋಡೆಯ ತುಂಬ ಗಿಟಾರುಗಳು! ಮರದ, ಪಾಲಿಶಿನ ಘಮ. “ಯಾವ ಗೇಜ್ ಕೊಡ್ಲಿ?” ಎಂದು ಅಂಗಡಿಯವರು ಕೇಳಿದ್ದೇ, “ಹತ್ತು!” “ಹನ್ನೆರಡು!” ಎಂದು ಒಟ್ಟಿಗೇ ಕೂಗಿದೆವು. ಅವರು ನಕ್ಕು, ಎರಡು ಗಿಟಾರ್ ಕೆಳಗಿಳಿಸಿ, “ಎರಡೂ ಬಾರಿಸಿ ನೋಡ್ರಿ,” ಎಂದರು.

ಮೊದಲು ಹನ್ನೆರಡು. ಅಬ್ಬಾ, ಆ ದನಿ ಅಂಗಡಿಯನ್ನೆಲ್ಲ ತುಂಬಿತು. ನನ್ನ ಮೈ ಜುಂ ಎಂದಿತು. ಆದರೆ ಹಾಡಿನ ನಡುವೆ ಶಬಾನಾಳ ಬೆರಳು ಸೋತು ಜಾರಿತು, ಕಣ್ಣಲ್ಲಿ ನೀರು. ಆಮೇಲೆ ಹತ್ತು. ಬೆರಳುಗಳು ಓಡತೊಡಗಿದವು! ಅವಳು ಎಲ್ಲೂ ನಿಲ್ಲದೆ ಹಾಡು ಮುಗಿಸಿದ್ದು ಅದೇ ಮೊದಲು. ಆ ಮುಖ ನೋಡಿದ ಮೇಲೆ ನನಗಿನ್ನು ವಾದ ಬೇಡವಾಯಿತು.

“ಹತ್ತೇ ಇರ್ಲಿ,” ಎಂದೆ.

“ದನಿ ಸಣ್ಣದು, ನೋಡು.”

“ಮೈಕ್ ಇರ್ತದಲ್ಲ!”

ಗ್ಯಾದರಿಂಗಿನ ಸಂಜೆ ನಾವು ಸ್ಟೇಜ್ ಹತ್ತಿದ್ದೇ ಕರೆಂಟ್ ಹೋಯಿತು. ಮೈಕ್ ಸತ್ತಿತು. ಮೈದಾನದ ತುಂಬ ಗದ್ದಲ, ಸೀಟಿ. ಟೀಚರ್ ಕೆಳಗಿಳಿಯಿರಿ ಎಂದು ಕೈಸನ್ನೆ ಮಾಡಿದರು.

“ಹನ್ನೆರಡೇ ತಗೋಬೇಕಿತ್ತು,” ಎಂದು ಶಬಾನಾ ಪಿಸುಗುಟ್ಟಿದಳು.

“ಬಾರಸು ಬೇ ನೀ!”

ಬಾರಿಸಿದಳು. ಮುಂದಿನ ಸಾಲಿನಲ್ಲಿ ಯಾರೋ ‘ಶ್ಶ್’ ಎಂದರು. ಆ ‘ಶ್ಶ್’ ಸಾಲಿನಿಂದ ಸಾಲಿಗೆ ಹಿಂದಕ್ಕೆ ಹೋಯಿತು. ಅಷ್ಟು ಮಂದಿ ಉಸಿರು ಬಿಗಿಹಿಡಿದು ಕೂತರು. ಆ ಸಣ್ಣ ದನಿ ಕಂಪೌಂಡಿನ ತನಕ ಹೋಗುತ್ತಿರುವುದು ನಮಗೇ ಗೊತ್ತಾಗುತ್ತಿತ್ತು. ನಾನು ಎದೆ ತುಂಬಿ ಹಾಡಿದೆ. ಮುಗಿದಾಗ ಎದ್ದ ಚಪ್ಪಾಳೆಯೇನು, ಕೂಗೇನು! ಖಾಲಾ ಅಂತೂ ಕುರ್ಚಿಯ ಮೇಲೆ ನಿಂತುಬಿಟ್ಟಿದ್ದರು.

ಈಗ ಶಬಾನಾ ಅಫಜಲಪುರದಲ್ಲಿ ಮೆಡಿಕಲ್ ಅಂಗಡಿ ನಡೆಸುತ್ತಾಳೆ. ನಾನು ಆಳಂದದಲ್ಲಿ ಟೀಚರ್. ಇವತ್ತು ಗಿಟಾರ್ ಕಲಿಯುವವರಿಗೆ ಯಾವ ತಂತಿ ಬೇಕೆಂದು ಫೋನೇ ಹೇಳುತ್ತದೆ, ಪಾರ್ಸೆಲ್ ಮನೆ ಬಾಗಿಲಿಗೆ ಬರುತ್ತದೆ. ಹಬ್ಬಕ್ಕೊಮ್ಮೆ ಇಬ್ಬರೂ ಮಾತಾಡುತ್ತೇವೆ. ಅವಳು ಹೇಳಿದ್ದಕ್ಕೆಲ್ಲ ನಾನು ಹೌದೆನ್ನುತ್ತೇನೆ, ನಾನು ಹೇಳಿದ್ದಕ್ಕೆಲ್ಲ ಅವಳು. ಬಸ್ಸಿನ ಮಂದಿಯೆಲ್ಲ ತಿರುಗಿ ನೋಡುವ ಹಾಗೆ ಜಗಳಾಡುವ ಆ ಸಲಿಗೆ ನಮ್ಮ ನಡುವಿನಿಂದ ಯಾವಾಗ ಎದ್ದುಹೋಯಿತೋ, ಇಬ್ಬರಿಗೂ ತಿಳಿಯಲೇ ಇಲ್ಲ.