ನಾನು ಹೇಳಿದ್ದೇ ನನಗೆ ಗೋಪ್ಯ

ಮುಂಬಯಿ ಹತ್ತಿರದ ಠಾಕುರ್ಲಿಯಲ್ಲಿ ನಮ್ಮ ಹೋಟೆಲಿನ ಎದುರಿನ ರಸ್ತೆಯನ್ನು ಅಗಲ ಮಾಡುತ್ತಾರಂತೆ, ಮಿತ್ರರೇ. ಹೋಟೆಲು ಉಳಿಯುತ್ತದೋ ಇಲ್ಲವೋ ಎಂದು ತಿಳಿಯಲು, ರಸ್ತೆಯ ಸರ್ವೆ ಮಾಡಿದ ಕನ್ಸಲ್ಟಂಟ್ ಕಂಪನಿ ಸರಕಾರಕ್ಕೆ ಕೊಟ್ಟ ವರದಿಯ ಪ್ರತಿ ಬೇಕೆಂದು ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿದ್ದೆ. ಇವತ್ತು ಕಚೇರಿಗೆ ಕರೆಸಿದ್ದರು. ಅಧಿಕಾರಿ ಸೊಲ್ಲಾಪುರದ ಕಡೆಯವರು, ಕನ್ನಡದಲ್ಲೇ ಮಾತಾಡಿಸಿದರು.

“ಅದನ್ನ ಕೊಡಾಕ ಬರಂಗಿಲ್ರಿ ಶೆಟ್ರ. ಕಂಪನಿಯವ್ರ ಗೋಪ್ಯ ಮಾಹಿತಿ ಐತಿ ಅದರಾಗ.”

ನನಗೆ ಪಿತ್ತ ನೆತ್ತಿಗೇರಿತು.

“ಎಂಥ ಗೋಪ್ಯ ಮಾರಾಯ್ರೆ? ಆ ಸರ್ವೆಯವರು ನಮ್ಮ ಹೋಟೆಲಲ್ಲೇ ಕೂತು, ಬನ್ಸ್ ತಿಂತಾ, ಸ್ಟೇಷನ್ನಿಗೆ ಜನ ಯಾವ ಕಡೆಯಿಂದ ಹೋಗ್ತಾರೆ, ರಿಕ್ಷಾ ಎಲ್ಲಿ ಜಾಮ್ ಆಗ್ತದೆ ಅಂತ ನನ್ನನ್ನೇ ಕೇಳಿ ಬರ್ಕೊಂಡದ್ದು!”

ಅಧಿಕಾರಿ ಪೆನ್ನು ಕೆಳಗಿಟ್ಟರು. ನನಗೆ ಚಹಾ ತರಿಸಿದರು. ಆಮೇಲೆ ಬಾಗಿಲ ಕಡೆ ನೋಡಿ ದನಿ ತಗ್ಗಿಸಿದರು.

“ಅವರಿಗೆ ಏನೇನ ಹೇಳೀರಿ, ಇನ್ನ ಮ್ಯಾಲೆ ಅದನ್ನ ಯಾರ ಮುಂದೂ ಹೇಳಬ್ಯಾಡ್ರಿ. ಗೋಪ್ಯ ಐತಿ.”

ಆದ್ದರಿಂದ, ನಾಳೆ ನಮ್ಮಲ್ಲಿಗೆ ತಿಂಡಿಗೆ ಬರುವವರು ದಯವಿಟ್ಟು ನನ್ನ ಹತ್ತಿರ ಸ್ಟೇಷನ್ನಿನ ದಾರಿ ಕೇಳಬೇಡಿ. ಮಾಹಿತಿ ಹಕ್ಕಿನಲ್ಲಿ ಅರ್ಜಿ ಹಾಕಿ.