ಭಾಸ್ಕರಣ್ಣನ ಮೂಗು ಮತ್ತು ಉತ್ತರದ ಬೆಟ್ಟ

ನಿನ್ನೆ ಸಂಜೆ ಸೌದಿಯ ಯಾನ್ಬುವಿನ ಚಹಾದಂಗಡಿಯವನು ನನ್ನ ಲೋಟಕ್ಕೆ ಪುದೀನದ ಬದಲು ಬೂದುಹಸಿರಿನ ಕಡ್ಡಿಯೊಂದನ್ನು ಹಾಕಿಕೊಟ್ಟ. ಮೂಗಿನ ಬಳಿ ತಂದದ್ದೇ ತಡ, ಬಾಯಿ ನನ್ನ ಅನುಮತಿ ಕೇಳದೆ ವರದಿ ಒಪ್ಪಿಸಿತು: "ಕರ್ಪೂರ ಕಾಲುಭಾಗ, ಕಹಿ ಅರ್ಧ, ಉಳಿದದ್ದು ನೆನೆದ ಗೋಣಿಚೀಲ." ಪಕ್ಕದವನು ತುಸು ಸರಿದು ಕೂತ. ನೀವು ಸರಿಯಬೇಡಿ. ಇದು ಹುಚ್ಚಲ್ಲ, ಐದು ವರ್ಷದ ಹಿಂದೆ ನಾನು ವಹಿಸಿಕೊಂಡಿದ್ದ ಹುದ್ದೆಯ ಉಳಿಕೆ. ಆಗ ನಾನು ಭಾಸ್ಕರಣ್ಣನ ಮೂಗಾಗಿದ್ದೆ.

ಉಡುಪಿ ಕಡೆಯ ಭಾಸ್ಕರಣ್ಣ ಆಗ ನನ್ನ ರೂಮಿನ ಜತೆಗಾರರು, ಪೈಪು ಜೋಡಿಸುವ ಕೆಲಸದವರು. ಒಂದು ಜ್ವರ ಹೋಗುವಾಗ ಅವರ ವಾಸನೆ ಹಿಡಿಯುವ ಶಕ್ತಿಯನ್ನೂ ಕೊಂಡೊಯ್ದಿತ್ತು. ಅವರು ಅದನ್ನು ಲಘುವಾಗಿಯೇ ತೆಗೆದುಕೊಂಡರು. ಹಳಸಿದ್ದು ತಿಳಿಯದೆ ಅವರು ಮಾಡಿದ ಮೀನು ತಿನ್ನುತ್ತಿದ್ದ ನನಗೆ ಅದು ಸಾಧ್ಯವಾಗಲಿಲ್ಲ. ಅಷ್ಟರಲ್ಲಿ ಊರಲ್ಲಿ ಅವರ ಮಗಳಿಗೆ ಹೆರಿಗೆಯಾಯಿತು, ಇನ್ನೊಂದು ತಿಂಗಳಲ್ಲಿ ಅವರಿಗೆ ರಜೆ.

"ಮಗುವಿನ ನೆತ್ತಿ ಮೂಸಿದರೆ ಗೋಡೆ ಮೂಸಿದ ಹಾಗೆ ಆದರೆ ಎಂತ ಮಾಡುದು ಮಾರಾಯ?"

ಡಾಕ್ಟರು ಹೇಳಿದ ಲವಂಗ, ನಿಂಬೆಗಳೆಲ್ಲ ಸೋತಿದ್ದವು. ದೇಶದ ಉತ್ತರದ ತುದಿಯಲ್ಲಿ, ತಬೂಕ್ ಪಟ್ಟಣದಾಚೆ, ಹಿಮ ಬೀಳುವ ಬೆಟ್ಟಗಳ ಗಿಡಗಳಿಗೆ ಘಾಟು ಹೆಚ್ಚೆಂದು ಯಾರೋ ಅಂದರು. ಹೊರಟೆವು.

ಆ ಸೀಮೆ ನಿದ್ದೆಯಲ್ಲಿ ಕಂಡಂತಿತ್ತು. ಕೆಂಪು ಕಲ್ಲಿನ ಕಂಬಗಳು ಮಂಜಿನಲ್ಲಿ ಕಾಲಿಲ್ಲದೆ ನಿಂತಿದ್ದವು. ಅವುಗಳ ಹಿಂದೆ ನೇರಳೆ ಬೆಟ್ಟ, ಬಿರುಕುಗಳಲ್ಲಿ ಹಿಮದ ಗೆರೆ, ಎಲೆಯುದುರಿದ ಕಾಡುಬಾದಾಮಿ. ಕಾರು ನಿಂತಲ್ಲಿಂದ ಮುದುಕ ಕುರುಬ ಅಬು ಫಹದ್ ದಾರಿ ತೋರಿಸಿದ. ಗಿಡ ಕೀಳುವುದಕ್ಕೆ ನಿಷೇಧವಿದ್ದುದರಿಂದ ಪ್ರತಿ ಗಿಡದ ಮುಂದೂ ನಾವಿಬ್ಬರು ನಮಾಜಿಗೆ ಬಾಗಿದಂತೆ ಬಾಗಿದೆವು.

"ನೀನು ಮೂಸಿ ಹೇಳು. ಕೇಳಿಯಾದರೂ ನೆನಪಾಗ್ತದಾ ನೋಡುವ."

ನಾನು ಸುರಕ್ಷತಾ ವರದಿ ಬರೆಯುವ ಗುಮಾಸ್ತ. "ಸುವಾಸನೆ. ತೃಪ್ತಿಕರ," ಎಂದೆ.

"ಇದೆಂತ, ಇನ್ಸ್‌ಪೆಕ್ಷನಾ? ಸರಿಯಾಗಿ ಹೇಳು!"

ಹೇಳಿದೆ. ಜುನಿಪರ್ ಎಂದರೆ ಶಾಲೆಯ ಮೊದಲ ದಿನ ಕೆತ್ತಿದ ಪೆನ್ಸಿಲ್. ಕಾಡು ಲ್ಯಾವೆಂಡರ್ ಎಂದರೆ ಮದುವೆಮನೆಯಲ್ಲಿ ಪನ್ನೀರು ಚಿಮುಕಿಸಿ ಹೋದ ಚಿಕ್ಕಮ್ಮ. ಮಾಚಿಪತ್ರೆಯ ದಾಯಾದಿ ಶೀಹ್ ಎಂದರೆ ನಿನ್ನೆ ಚಹಾದಲ್ಲಿ ಸಿಕ್ಕ ಆ ನೆನೆದ ಗೋಣಿಚೀಲ. ಭಾಸ್ಕರಣ್ಣ ಕಣ್ಣುಮುಚ್ಚಿ ತಲೆದೂಗಿದರು. ಬಳಿಕ ಕಲ್ಲಿನ ಮೇಲೆ ಕೂತರು.

"ಬಿಡು. ಹೆಂಡತಿಗೆ ಹೇಳುದು ಬೇಡ. ಮೂಸಿದ ಹಾಗೆ ಆಕ್ಟಿಂಗ್ ಮಾಡ್ತೇನೆ."

ಆಗಲೇ ಆಲಿಕಲ್ಲು ಬಿತ್ತು. ಅಬು ಫಹದ್ "ಯಲ್ಲಾ ಯಲ್ಲಾ" ಎನ್ನುತ್ತ ನಮ್ಮನ್ನು ಹಾಸುಬಂಡೆಯೊಂದರ ಕೆಳಗೆ ನುಗ್ಗಿಸಿದ. ಒಳಗಿಂದ ಕಾಡುಮೇಕೆಯ ಹೋತವೊಂದು, ಬೆನ್ನಿನವರೆಗೆ ಬಾಗಿದ ಕೊಂಬು ಹೊತ್ತು, ನಮ್ಮ ಪಕ್ಕದಿಂದಲೇ ಜಿಗಿದು ಮಂಜಿನಲ್ಲಿ ಕರಗಿತು.

"ಥೂ! ಎಂತ ನಾತ ಮಾರಾಯ!"

ಹೇಳಿದ್ದು ನಾನಲ್ಲ. ನಾನು ಭಾಸ್ಕರಣ್ಣನನ್ನು ನೋಡಿದೆ, ಅವರು ನನ್ನನ್ನು. ಆಲಿಕಲ್ಲು ನಿಂತರೂ ಮನುಷ್ಯ ಹೊರಬರಲಿಲ್ಲ. ಹೋತ ಮಲಗಿದ್ದ ಬಂಡೆಗೆ ಮುಖವಿಟ್ಟು ಎಳೆದೆಳೆದು ಉಸಿರು ತೆಗೆದುಕೊಳ್ಳುತ್ತಿದ್ದರು. ತಲೆವಸ್ತ್ರದಿಂದ ಮೂಗು ಮುಚ್ಚಿ ಹೊರಗೆ ನಿಂತ ಅಬು ಫಹದ್ ನನ್ನನ್ನು ಕೇಳಿದ: "ಸದೀಕ್, ಗೆಳೆಯಾ, ಇವನ ಊರಲ್ಲಿ ಮೇಕೆ ಇಲ್ಲವಾ?"

ತಿಂಗಳ ಬಳಿಕ ಉಡುಪಿಯಿಂದ ಫೋನು. "ಬಂತಾ?" ಎಂದೆ. ಆ ಕಡೆ ಮಗು ಕುಂಯ್‌ಗುಟ್ಟಿತು.

"ಹಾಲಿನದ್ದು ಉಂಟು. ಬಿಸಿಲಲ್ಲಿ ಒಣಗಿದ ಬಟ್ಟೆಯದ್ದು ಉಂಟು. ಮತ್ತೊಂದು ಉಂಟು ಮಾರಾಯ, ನನಗೆ ಹೇಳ್ಲಿಕ್ಕೆ ಬರುದಿಲ್ಲ. ನಿನ್ನ ಮಗನದ್ದು ನೀನು ಮೂಸಿದ್ದಿಯಲ್ಲ, ಅದೇ."

ಮೂಸಿರಲಿಲ್ಲ. ಅವನು ಹುಟ್ಟಿದಾಗ ನಾನಿಲ್ಲಿದ್ದೆ. ಊರಿಗೆ ಹೋಗುವಷ್ಟರಲ್ಲಿ ಅವನು ಓಡಾಡುತ್ತಿದ್ದ, ನನ್ನನ್ನು ಕಂಡು ಅಳುತ್ತಿದ್ದ. ಫೋನಿನಲ್ಲಿ "ಹೌದೌದು" ಎಂದುಬಿಟ್ಟಿದ್ದೆ.

ನಿನ್ನೆ ಚಹಾದಂಗಡಿಯಿಂದಲೇ ಮಗನಿಗೆ ಫೋನ್ ಮಾಡಿ, ಈ ಸಲ ನಾನು ಬಂದಾಗ ನೀನೊಮ್ಮೆ ತಲೆ ಬಗ್ಗಿಸಬೇಕು, ಮೂಸಬೇಕಿದೆ ಎಂದೆ. ಅವನಿಗೀಗ ಹದಿನಾಲ್ಕು. "ಪಪ್ಪಾ, ಆರ್ ಯೂ ಓಕೆ?" ಎಂದ. ಇಂದು ಬೆಳಿಗ್ಗೆ ರಜೆಯ ಅರ್ಜಿ ತುಂಬಿದೆ. ಕಾರಣ ಎಂಬಲ್ಲಿ ಬಹಳ ಹೊತ್ತು ಪೆನ್ನು ಹಿಡಿದು ಕೂತು, ಕೊನೆಗೆ 'ಬಾಕಿ ಉಳಿದ ತಪಾಸಣೆ' ಎಂದು ಬರೆದೆ.